ಇಬ್ಬರ ಟೆಂಟು

ಪರದೆ ಹೊಲಿಯುವ ದರ್ಜಿಗೂ ಅವನ ಅಕ್ಕನಿಗೂ ಅಂಗಡಿಯ ಮೇಲಿನ ಒಂದೇ ಕೋಣೆ. ಮದುವೆಯ ಮಾತು ಇಬ್ಬರ ಹತ್ತಿರವೂ ಸುಳಿದಿರಲಿಲ್ಲ. ಒಮ್ಮೆಯಾದರೂ ಗುಡ್ಡದ ಮೇಲೆ ಮಲಗಬೇಕೆಂದು ಅಕ್ಕ ವರ್ಷಗಟ್ಟಲೆ ಅವನ ತಲೆ ತಿಂದಿದ್ದಳು. ಕೊನೆಗೆ ಅವನು ಬೆನ್ನಿಗೆ ಹೊರುವಂಥ ಹಗುರ ಟೆಂಟು ತಂದ.

ಅಕ್ಕ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. “ಇದೇನೋ, ಈರುಳ್ಳಿ ಸಿಪ್ಪೆ ಇದ್ದ ಹಾಗಿದೆ! ಉಫ್ ಅಂದ್ರೆ ಹಾರಿಹೋಗುತ್ತೆ.”

“ಹೊರೋನು ನಾನಲ್ವಾ? ನೀನು ಸುಮ್ನಿರು.”

ಟೆಂಟಿನ ನೆತ್ತಿಯಲ್ಲಿ ಎರಡು ಬಲೆಯ ಕಿಂಡಿಗಳಿದ್ದವು. ಅಕ್ಕನಿಗೆ ಶೀತವಾಗುತ್ತದೆಂದು ದರ್ಜಿ ಅವಕ್ಕೆ ಬಟ್ಟೆಯ ತೇಪೆ ಹಾಕಿ, ಸೂಜಿಮೊನೆಯಷ್ಟು ಗಾಳಿಯೂ ನುಗ್ಗದಂತೆ ಹೊಲಿದುಬಿಟ್ಟ. ಗುಡ್ಡದಲ್ಲಿ ಗೂಟ ಹೊಡೆದು, ಹಗ್ಗ ಬಿಗಿದು ಮಲಗಿದರು. ಬೆಳಗಾಗುವಷ್ಟರಲ್ಲಿ ಮುಖದ ಮೇಲೆ ತೊಟತೊಟ ನೀರು.

“ಮಳೆ ಬಂತಾ?” ಎಂದು ಅವನು ಗಾಬರಿಯಾದ.

“ಮಳೇನೂ ಇಲ್ಲ, ಮಣ್ಣೂ ಇಲ್ಲ. ನಮ್ಮ ಉಸಿರು ಕಣೋ! ಹೊರಗೆ ಹೋಗೋಕೆ ದಾರಿ ಬಿಟ್ಟಿದ್ರೆ ತಾನೇ? ಮಹಾ ದರ್ಜಿ!” ಒದ್ದೆ ಹೊದಿಕೆಯಲ್ಲೇ ಅಕ್ಕ ಬಿದ್ದು ಬಿದ್ದು ನಕ್ಕಳು. ಆಮೇಲೆ ಅವನು ಹೊಲಿಗೆ ಬಿಚ್ಚಲು ಹೋದರೆ ಅವಳೇ ಬಿಡಲಿಲ್ಲ. “ಇರಲಿ ಬಿಡೋ. ನಗೋಕೆ ಇನ್ನೇನಿದೆ ನಮಗೆ?”

ಪ್ರತಿ ಚಳಿಗಾಲವೂ ಹೋದರು. ಪ್ರತಿ ಸಲವೂ ತೊಯ್ದರು.

ಈ ಸಲ ಅಕ್ಕ ಇರಲಿಲ್ಲ. ಮಳೆಗಾಲದಲ್ಲಿ ಹಿಡಿದ ಕೆಮ್ಮು ಅವಳನ್ನು ಕರೆದುಕೊಂಡೇ ಹೋಗಿತ್ತು. ದರ್ಜಿ ಒಬ್ಬನೇ ಗುಡ್ಡ ಹತ್ತಿದ, ಟೆಂಟು ಹಾಕಿದ, ಎಂದಿನಂತೆ ಒಂದು ಮಗ್ಗುಲಿಗೆ ಸರಿದು ಮಲಗಿದ.

ಬೆಳಿಗ್ಗೆ ಅವನ ತಲೆಯ ಮೇಲಿನ ಬಟ್ಟೆ ತೊಯ್ದಿತ್ತು. ಅಕ್ಕ ಮಲಗುತ್ತಿದ್ದ ಕಡೆಯ ಬಟ್ಟೆಯ ಮೇಲೂ ಕೈಯಾಡಿಸಿದ.

ಅಲ್ಲಿ ಒಣಗಿಯೇ ಇತ್ತು.