ಗಂಗಾಳದ ಎಡಗಡೆ

ಕಾಲುವೆಯ ಏರಿ ಹತ್ತುವಾಗ ಎದೆ ಹಿಡಿಯಿತು. ಯಾರೋ ಎದೆಯ ಮೇಲೆ ಮೊಣಕಾಲು ಊರಿ ಕೂತ ಹಾಗೆ. ಭತ್ತದ ನಾಟಿ ನಡೆದಿತ್ತು, ಹೆಣ್ಣಾಳುಗಳಿಗೆ ಊಟ ಒಯ್ಯುತ್ತಿದ್ದೆ. ಬುಟ್ಟಿ ಇಳಿಸಿ ಕೂತೆ. ಬೆವರು ಬಂತು. ನೋವು ಹೋಯಿತು. ಪಿತ್ತ ಅಂದುಕೊಂಡು ಮನೆಗೆ ಬಂದು ಸೋಡಾ ಕುಡಿದೆ.

ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಆಗ ಬೇರೆಯೇ ಸಂಭ್ರಮ ಇತ್ತು. ಮದುವೆಯಾಗಿ ಆರು ವರ್ಷಕ್ಕೆ ಸೊಸೆ ರೇಣುಕಾ ಬಸುರಾಗಿದ್ದಳು. ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ, ಹುಣಸಗಿ ಸಂತೆಯಲ್ಲಿ ಬಳೆ ಮಾರುವವಳನ್ನೂ ಬಿಟ್ಟಿರಲಿಲ್ಲ. ರೇಣುಕಾಗೆ ತಾಯಿ ಇಲ್ಲ. ತವರು ಗುರುಮಠಕಲ್, ಅಲ್ಲಿ ಅಣ್ಣ ಒಬ್ಬನೇ. "ನಿನ್ನ ಬಾಣಂತನ ನಾನು ಮಾಡ್ತೀನಿ. ಐದು ತಿಂಗಳ ತನಕ ನೀನು ಒಲಿ ಮುಂದ ಬರಬ್ಯಾಡ," ಅಂತ ಮಾತು ಕೊಟ್ಟಿದ್ದೆ.

ಆ ಮಾತು ಉಳಿಯಲಿಲ್ಲ.

ಎರಡನೇ ಸಲ ಎದೆ ಹಿಡಿದಾಗ ಅಂಗಳದಲ್ಲೇ ಬಿದ್ದೆ. ಮಗ ಸುರಪುರಕ್ಕೆ ಒಯ್ದ, ಅಲ್ಲಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗೆ. ಆಂಜಿಯೋಗ್ರಾಂ ಮಾಡಿ ಮೂರು ಬ್ಲಾಕ್ ಅಂದರು, ಬೈಪಾಸ್ ಆಗಲೇಬೇಕು ಅಂದರು. ಕಾಲಿನ ನರ ತೆಗೆದು ಎದೆಗೆ ಜೋಡಿಸುತ್ತಾರಂತೆ. ನನ್ನ ಯಜಮಾನರು ನಗಿಸಲು ನೋಡಿದರು. "ನಮ್ಮ ಹೊಲಕ್ಕ ಬಂದಂಗ ನಿನ್ನ ಎದಿಗೂ ಒಂದು ಕಾಲುವಿ ಬರ್ತದ ತಗೊ. ಇನ್ನ ವರ್ಷಕ್ಕ ಎರಡು ಬೆಳಿ ತೆಗೀತಿ."

ನಕ್ಕೆ. ಮೊಮ್ಮಗುವನ್ನು ಎತ್ತಿಕೊಳ್ಳಬೇಕು ಅನ್ನುವ ಒಂದೇ ಆಸೆಗೆ ಸಹಿ ಮಾಡಿದೆ. ನಾಲ್ಕನೇ ತರಗತಿ ಕಲಿತವಳು, ಹೆಸರು ಬರೆಯಲು ಬರುತ್ತದೆ.

ಎಚ್ಚರವಾದಾಗ ಐಸಿಯುನಲ್ಲಿದ್ದೆ. ಬಾಯೊಳಗಿನ ಪೈಪು ತೆಗೆದ ಮೇಲೆ ಮಾತು ಬಂತು. ಯಜಮಾನರನ್ನು ಗುರುತು ಹಿಡಿದೆ, ಮಗನನ್ನೂ ಗುರುತು ಹಿಡಿದೆ, "ರೇಣುಕಾ ಹೆಂಗದಾಳ?" ಅಂತ ಕೇಳಿದೆ. ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು. ಆಮೇಲೆ ಡಾಕ್ಟರು ಬಂದರು.

"ಅಮ್ಮಾ, ಎರಡೂ ಕೈ ಎತ್ತಿ."

"ಎತ್ತೀನ್ರಿ."

"ಎಡಗೈ?"

"ಅದೂ ಎತ್ತೀನಲ್ರಿ. ಕಾಣವಲ್ದೇನು ನಿಮಗ?"

ಕಾಲ ಬಳಿ ನಿಂತಿದ್ದ ಯಜಮಾನರು ಟವೆಲ್ ಬಾಯಿಗೆ ಒತ್ತಿಕೊಂಡರು.

ನಾನು ಎತ್ತಿದ್ದು ಒಂದೇ ಕೈ.

ಆಪರೇಷನ್ ಹೊತ್ತಿನಲ್ಲಿ ರಕ್ತದ ಒಂದು ಸಣ್ಣ ಗಡ್ಡೆ ಹೋಗಿ ಮೆದುಳಿನ ಬಲಗಡೆ ಸಿಕ್ಕಿಕೊಂಡಿತ್ತು. ಸ್ಟ್ರೋಕ್ ಅಂದರು. ನಮ್ಮ ಕಡೆ ಲಕ್ವಾ ಅನ್ನುತ್ತಾರೆ. ಬೈಪಾಸ್ ಆದವರಲ್ಲಿ ಕೆಲವರಿಗೆ ಹೀಗಾಗುತ್ತದೆ, ಮೊದಲೇ ಹೇಳಿದ್ದೆವು ಅಂದರು. ಹೇಳಿದ್ದರು, ನಿಜ. ನಮ್ಮ ಕಿವಿಗೆ ಬಿದ್ದದ್ದು ಎದೆಯ ಮಾತು ಮಾತ್ರ. ಎಡಗೈ ಎಡಗಾಲು ಹೋದವು. "ಎಡಗಡೆ ಗಮನ ಇರೋದಿಲ್ಲ, ನೋಡಿಕೊಳ್ಳಿ," ಅಂತಲೂ ಮಗನಿಗೆ ಹೇಳಿ ಕಳಿಸಿದರಂತೆ. ಅವನು ಅದೂ ಕೈಕಾಲಿನ ಮಾತೇ ಅಂದುಕೊಂಡ.

ಊರಿಗೆ ಬಂದು ಹನ್ನೆರಡು ದಿನಕ್ಕೆ ರೇಣುಕಾ ಸುರಪುರದಲ್ಲಿ ಹಡೆದಳು. ಹೆಣ್ಣುಕೂಸು! ತಂದು ನನ್ನ ಬಲಮಗ್ಗುಲಿಗೆ ಮಲಗಿಸಿದರು. ಏನು ಹೇಳಲಿ! ಮೂಗು ನನ್ನದು, ಹಣೆ ನನ್ನ ಅತ್ತೆಯದು, ಆ ರಾಶಿ ಕೂದಲು ಮಾತ್ರ ಗುರುಮಠಕಲ್‌ದು. ಹೊರಸಿನ ಮೇಲೆ ಬಿದ್ದುಕೊಂಡೇ ಕೂಗಿ ಕೂಗಿ ಓಣಿಯವರನ್ನು ಕರೆದೆ. ಬಂದವರಿಗೆಲ್ಲ ಬಲಗೈಯಿಂದ ಸಕ್ಕರೆ ಕೊಟ್ಟೆ. ನನಗೆ ರೋಗ ಇದೆ ಅನ್ನುವುದೇ ಆ ದಿನ ಮರೆತುಹೋಗಿತ್ತು.

ಮರುದಿನ ಬಟ್ಟೆ ಒದ್ದೆಯಾದಾಗ ನೆನಪಾಯಿತು.

ಕೂಸಿನದೂ ಒದ್ದೆ, ನನ್ನದೂ ಒದ್ದೆ. ಯಾರಿಗೆ ನಾನು ಎಣ್ಣೆ ಹಚ್ಚಿ ಬಿಸಿನೀರು ಹಾಕಬೇಕಿತ್ತೋ ಆ ಹಸಿ ಬಾಣಂತಿ ನನಗೆ ನೀರು ಹಾಕಿದಳು. ಕೂಸು ಅತ್ತರೆ ನನ್ನನ್ನು ಅರ್ಧಕ್ಕೆ ಬಿಟ್ಟು ಓಡುವಳು, ನಾನು ಕರೆದರೆ ಕೂಸಿನ ಬಾಯಿಂದ ಮೊಲೆ ಬಿಡಿಸಿಕೊಂಡು ಬರುವಳು. ಜಂತಿ ನೋಡುತ್ತಾ ಮಲಗಿರುತ್ತಿದ್ದೆ. ಏರಿಯ ಮೇಲೆ ಎದೆ ಹಿಡಿದ ದಿನವೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ದಿನಕ್ಕೆ ನೂರು ಸಲ ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತಾ ಇದ್ದವಳ ಮನಸ್ಸು ಹೇಗೆ ಕಹಿಯಾಯಿತೋ ತಿಳಿಯದು.

ಶುರುವಾದದ್ದು ಊಟದಿಂದ. ಗಂಗಾಳದಲ್ಲಿ ನನಗೆ ಪಲ್ಯ ಕಾಣುತ್ತಿತ್ತು. ರೊಟ್ಟಿ ಇರುತ್ತಿರಲಿಲ್ಲ. ಅನ್ನ ಹಾಕಿದರೆ ಎರಡು ತುತ್ತಿಗೆ ಮುಗಿಯುತ್ತಿತ್ತು. ಸೊಸೆ ನನ್ನ ಹೊಟ್ಟೆ ಕಟ್ಟುತ್ತಿದ್ದಾಳೆ, ಉಂಡಷ್ಟೂ ಹೇಲು ಬಳಿಯಬೇಕಾಗುತ್ತದೆ ಅಂತ ಕಡಿಮೆ ಹಾಕುತ್ತಾಳೆ ಅನಿಸಿತು.

ನಮ್ಮಲ್ಲಿ ಬೇನೆ ಬಿದ್ದವರನ್ನು ಮಾತಾಡಿಸಲು ದಿನಾ ಯಾರಾದರೂ ಬರುತ್ತಾರೆ. ಪಕ್ಕದ ಮನೆಯ ಶಿವಮ್ಮ ಬಿಸ್ಕೀಟಿನ ಪುಡಿಕೆ ಹಿಡಿದು ಬಂದು ಕೂತಳು.

"ಏನ್ ಉಂಡೀಯಕ್ಕಾ?"

"ಏನ್ ಉಣ್ಲಿ? ಬರೇ ಪಲ್ಯಾ. ರೊಟ್ಟಿ ಹಾಕಂಗಿಲ್ಲ ಆಕಿ. ಅನ್ನಾನೂ ಅರ್ಧಾನೇ."

ಶಿವಮ್ಮ ಗಲ್ಲಕ್ಕೆ ಕೈ ಹಚ್ಚಿದಳು. ಸಂಜೆಯೊಳಗೆ ಮಾತು ಹಿಟ್ಟಿನ ಗಿರಣಿ ಮುಟ್ಟಿತು.

ರೇಣುಕಾ ಅಳುತ್ತಾ ಬಂದಳು. ಅವಳ ಕಡೆ ತೆಲುಗು ಹೆಚ್ಚು, ನನ್ನನ್ನು ಅತ್ತಮ್ಮ ಅನ್ನುತ್ತಾಳೆ. "ಅತ್ತಮ್ಮಾ, ಮಾಡಿದ ರೊಟ್ಟಿ ನೀವೇ ಗಂಗಾಳದಾಗ ಬಿಡ್ತೀರಿ. ಮಂದಿ ಮುಂದ ಹಾಕಿಲ್ಲ ಅಂತೀರಿ. ನಾ ಏನ್ ಮಾಡೀನ್ರಿ ನಿಮಗ?"

ಯಜಮಾನರು ಗಂಗಾಳ ಸರಿಸಿ ತೋರಿಸಿದರು. "ಇಲ್ಲೇ ಐತಲ್ಲ, ನೋಡು." ನೋಡಿದೆ. ರೊಟ್ಟಿ ಇತ್ತು. ನನಗೆ ಇನ್ನೂ ಸಿಟ್ಟು ಬಂತು. "ಈಗ ತಂದಿಟ್ಟು ಮೊದ್ಲೇ ಇತ್ತು ಅಂತೀರಾ? ನನಗ ಕೈಕಾಲು ಹೋಗ್ಯಾವ, ತಲಿ ಹೋಗಿಲ್ಲ!"

ಸುದ್ದಿ ಬಸ್ಸು ಹತ್ತಿ ಗುರುಮಠಕಲ್‌ಗೆ ಹೋಯಿತು. ರೇಣುಕಾಳ ಅಣ್ಣ ಬಂದ. ಕೂತುಕೊಳ್ಳಲಿಲ್ಲ.

"ಯವ್ವಾ, ನನ್ನ ತಂಗಿ ಬಾಣಂತಿ ಇದ್ದು ನಿಮ್ಮ ಉಚ್ಚಿ ಹೇಲು ಬಳದಾಳ. ಮ್ಯಾಲ ಈ ಮಾತು ಬ್ಯಾರೆ. ಸಾಕ್ರಿ. ಕರ್ಕೊಂಡು ಹೋಗ್ತೀನಿ."

"ಆಕಿ ಹೋಗ್ಲಿ. ಕೂಸು ಬಿಟ್ಟು ಹೋಗ್ಲಿ," ಅಂದೆ.

ನಾಲ್ಕು ತಿಂಗಳ ಮೊಲೆಗೂಸು.

ಆ ದಿನ ಶಹಾಪುರದಲ್ಲಿ ನನ್ನ ಫಿಸಿಯೋಥೆರಪಿ ಇತ್ತು. ಅವರಿಗೂ ಅದೇ ದಾರಿ, ಶಹಾಪುರದಿಂದ ಯಾದಗಿರಿ ಮೇಲೆ ಗುರುಮಠಕಲ್. ಒಂದೇ ಜೀಪಿನಲ್ಲಿ ಹೋದೆವು, ಒಬ್ಬರ ಮುಖ ಒಬ್ಬರು ನೋಡದೆ. ಹೋಗುವವಳು ಹೋಗುವಾಗಲೂ ನನಗೆ ಬುತ್ತಿ ಕಟ್ಟಿದ್ದಳು. ಅದನ್ನು ನೋಡಿಯೂ ನನ್ನ ಬಾಯಿ ಸುಮ್ಮನಾಗಲಿಲ್ಲ. ಫಿಸಿಯೋ ಮೇಡಂ ಮುಂದೆಯೂ ಅದೇ ದೂರು ಹೇಳಿದೆ.

ಮೇಡಂ ಸಣ್ಣ ವಯಸ್ಸಿನ ಹುಡುಗಿ. ನನ್ನನ್ನು ದಿಟ್ಟಿಸಿ ನೋಡಿದಳು. "ಬುತ್ತಿ ತಂದೀರಾ? ಇಲ್ಲೇ ಉಣ್ರಿ ಅಮ್ಮಾ." ತಾಟು ತರಿಸಿ ರೇಣುಕಾಳ ಕೈಯಿಂದಲೇ ಬಡಿಸಿದಳು. ಉಂಡೆ. ಪಲ್ಯ ಖಾಲಿಯಾಯಿತು.

"ಮುಗೀತಾ?"

"ಮುಗೀತು. ರೊಟ್ಟಿ ಎಲ್ಲಿ ಹಾಕ್ಯಾಳ? ನೀವೇ ನೋಡ್ರಿ."

ಮೇಡಂ ತಾಟನ್ನು ಇದ್ದಲ್ಲೇ ಅರ್ಧ ಸುತ್ತು ತಿರುಗಿಸಿದಳು.

ಎರಡು ರೊಟ್ಟಿ.

ಯಾರೂ ಏನೂ ತಂದಿಟ್ಟಿರಲಿಲ್ಲ. ಮತ್ತೆ ತಿರುಗಿಸಿದಳು. ರೊಟ್ಟಿ ಹೋದವು. ಮತ್ತೆ ತಿರುಗಿಸಿದಳು. ಬಂದವು. ಕಣ್ಣು ಚೆನ್ನಾಗಿಯೇ ಇವೆಯಂತೆ. ಎಡಗಡೆ ಅನ್ನುವುದು ಒಂದು ಇದೆ ಎಂಬುದನ್ನೇ ನನ್ನ ಮೆದುಳು ಬಿಟ್ಟುಕೊಟ್ಟಿದೆಯಂತೆ. ಕತ್ತಲಾಗಿದ್ದರೆ ಕತ್ತಲು ಅಂತಾದರೂ ಗೊತ್ತಾಗುತ್ತಿತ್ತು. ನನಗೆ ಏನೂ ಕಡಿಮೆಯಾದ ಹಾಗೆ ಅನಿಸಿರಲೇ ಇಲ್ಲ. ಇಷ್ಟು ತಿಂಗಳು ಆ ಹುಡುಗಿ ಪೂರಾ ಹಾಕಿದ್ದಳು, ನಾನು ಅರ್ಧ ಉಂಡು ಊರೆಲ್ಲ ಡಂಗುರ ಹೊಡೆದಿದ್ದೆ.

ರೇಣುಕಾ ಗೋಡೆಗೆ ಒರಗಿ ಕೂತುಬಿಟ್ಟಳು.

"ತಪ್ಪಾತವ್ವಾ," ಅಂದೆ. "ಹೋಗಬ್ಯಾಡ."

"ನಿಮ್ಮ ಮ್ಯಾಲ ಸಿಟ್ಟಿಲ್ಲ ಅತ್ತಮ್ಮಾ. ಆದ್ರ ನನಗ ಸಾಕಾಗ್ಯಾದ. ಮೈಯಾಗ ಏನೂ ಉಳಿದಿಲ್ಲ."

ಬಸ್‌ಸ್ಟ್ಯಾಂಡಿನ ತನಕ ನಾವೂ ಜೊತೆಗೆ ಬಂದೆವು. ಹೋದಳು. ಬಸ್ಸಿನ ಕಿಟಕಿಯಿಂದ ಕೂಸಿನ ಕೈ ಹಿಡಿದು ನನಗೆ ಬೀಸಿದಳಂತೆ. ಯಜಮಾನರು ಆಮೇಲೆ ಹೇಳಿದರು. ಬಸ್ಸು ನನ್ನ ಎಡಕ್ಕೆ ನಿಂತಿತ್ತು.

ನಾನು ನೋಡಲಿಲ್ಲ.

ಮನೆಗೆ ಬಂದು ಶಿವಮ್ಮನನ್ನು ಕರೆಸಿದೆ, ಗಿರಣಿಯವನ ಹೆಂಡತಿಯನ್ನು ಕರೆಸಿದೆ, ಮಾತಾಡಿಸಲು ಬಂದವರನ್ನೆಲ್ಲ ಎದುರಿಗೆ ಕೂಡಿಸಿಕೊಂಡು ಗಂಗಾಳ ತಿರುಗಿಸಿ ತಿರುಗಿಸಿ ತೋರಿಸಿದೆ. "ಆಕಿ ಪೂರಾ ಹಾಕ್ಯಾಳ. ನಾನೇ ಕಾಣದಾಕಿ. ಇದನ್ನೂ ಹೋಗಿ ಹಂಗೇ ಸಾರ್ರಿ." ಶಿವಮ್ಮ ನಕ್ಕಳು. "ಇದಕ್ಕ ರುಚಿ ಇಲ್ಲಲ್ಲಕ್ಕಾ, ಹಂಗ ಲಗೂನ ಹೋಗಂಗಿಲ್ಲ." ಅವಳು ಹೇಳಿದ್ದು ಖರೆ. ಬೈಗುಳ ಎರಡು ದಿನಕ್ಕೆ ಗುರುಮಠಕಲ್ ಮುಟ್ಟಿತ್ತು. ತಪ್ಪೊಪ್ಪಿಗೆಗೆ ಮೂರು ವಾರ ಹಿಡಿಯಿತು.

ಆ ಮೂರು ವಾರ ಹೇಗೆ ಕಳೆದೆ ಅಂತ ಹೇಳಲಾರೆ. ಯಜಮಾನರು ಅನ್ನ ಮಾಡುವುದು ಕಲಿತರು. ನಾನು ಕತ್ತು ಎಡಕ್ಕೆ ತಿರುಗಿಸುವುದು ಕಲಿತೆ. ಮೇಡಂ ಹೇಳಿಕೊಟ್ಟ ಹಾಗೆ ಗಂಗಾಳದ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿಕೊಂಡು, ಕೆಂಪು ಕಾಣುವ ತನಕ ತಲೆ ಹೊರಳಿಸಬೇಕು. ಒಂದೊಂದು ಸಲ ಅಲ್ಲಿ ಬಿದ್ದಿದ್ದ ನನ್ನದೇ ಕೈ ಕಂಡು, ಇದು ಯಾರದು ಅಂತ ಬೆಚ್ಚಿ ಬೀಳುತ್ತಿದ್ದೆ.

ಒಂದು ಮಧ್ಯಾಹ್ನ ರೇಣುಕಾ ಬಂದಳು. ಒಬ್ಬಳೇ, ಕೂಸನ್ನು ಎತ್ತಿಕೊಂಡು. "ಕೆಲಸಕ್ಕ ಒಬ್ಬಾಕಿನ ಹಚ್ಚತೀನಂತ ನಿಮ್ಮ ಮಗ ಹೇಳ್ಯಾನ. ಹಚ್ಚಲಿಲ್ಲ ಅಂದ್ರ ನಾಳೀನ ಬಸ್ಸಿಗೆ ಹೋಗ್ತೀನಿ ಮತ್ತ," ಅಂದಳು. ಹಚ್ಚಿದ್ದೇವೆ. ನನಗೆ ನೀರು ಹಾಕಲು ಈಗ ಬೇರೆಯವಳು ಬರುತ್ತಾಳೆ.

ಕೈ ಬಂದಿಲ್ಲ. ಬರುವುದು ಅನುಮಾನ ಅನ್ನುತ್ತಾರೆ. ಕೂಸನ್ನು ಎತ್ತಿಕೊಂಡು ಓಣಿ ತಿರುಗುವ ಆಸೆ ಹಾಗೇ ಉಳಿಯಿತು, ಒಮ್ಮೊಮ್ಮೆ ಸೆರಗು ಮುಚ್ಚಿಕೊಂಡು ಅಳುತ್ತೇನೆ. ಆದರೆ ಅವಳು ಮನೆಯಲ್ಲಿದ್ದಾಳೆ, ಕೇಕೆ ಹಾಕುತ್ತಾಳೆ, ಅಂಬೆಗಾಲಿಡುತ್ತಾಳೆ. ಮೊನ್ನೆ ಅವಳ ಸಪ್ಪಳ ನಿಂತುಹೋಯಿತು. ಬಲಕ್ಕೆ ನೋಡಿದೆ, ಇಲ್ಲ. ಎದುರಿಗೆ, ಇಲ್ಲ. ಕತ್ತು ಹೊರಳಿಸಿದೆ, ಇನ್ನೂ ಹೊರಳಿಸಿದೆ, ನೋಯುವಷ್ಟು ಹೊರಳಿಸಿದೆ.

ನನ್ನ ಎಡಗೈಯ ಬೆರಳು ಹಿಡಿದುಕೊಂಡು ಕೂತಿದ್ದಳು. ಎಷ್ಟು ಹೊತ್ತಿನಿಂದ ಹಿಡಿದಿದ್ದಳೋ.