ಕೌದಿಯ ಹೊಟ್ಟೆ

ಟ್ರಂಕಿನಿಂದ ಸ್ವೆಟರು ತೆಗೆಯುವಾಗ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಅಡರಿತು. ನುಸಿ ಹಿಡಿಯದಿರಲಿ ಎಂದು ನಾನೇ ಇಟ್ಟ ಬಿಳಿ ಗುಳಿಗೆಗಳು. ಆ ವಾಸನೆ ಬಂದರೆ ಸಾಕು, ಬೈಲಹೊಂಗಲದ ನಮ್ಮ ಎದುರುಮನೆಯ ಕಾಕು ಕಣ್ಣ ಮುಂದೆ ಬಂದು ಕೂರುತ್ತಾಳೆ. ಕೌದಿಯ ಮೇಲೆ ಅಂಗೈ ಇಟ್ಟು...

ಕಾಕುವಿಗೆ ಯಾರ ಮೇಲೂ ನಂಬಿಗೆ ಇರಲಿಲ್ಲ. ಹಾಲಿನವನು ಕ್ಯಾನಿನ ಮುಚ್ಚಳ ತೆಗೆದರೆ ಒಳಗೆ ಬಗ್ಗಿ ನೋಡಿ "ಹೂಂ" ಎನ್ನುತ್ತಿದ್ದಳು. ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಉಗರಗೋಳದ ಬೀಗರು ಪ್ರಸಾದ ತಂದರೆ ಕಣ್ಣಿಗೊತ್ತಿಕೊಂಡು, ಅದು ಗುಡ್ಡದ ಗುಡಿಯದೋ ಬಸ್‌ಸ್ಟ್ಯಾಂಡಿನ ಅಂಗಡಿಯದೋ ಎಂದು ವಿಚಾರಿಸಿಯೇ ಬಾಯಿಗೆ ಹಾಕುವವಳು. ನನ್ನೊಬ್ಬಳನ್ನು ಮಾತ್ರ ಅನುಮಾನಿಸುತ್ತಿರಲಿಲ್ಲ. ಚಿಕ್ಕಂದಿನಿಂದ ಅವಳ ಸೂಜಿಗೆ ದಾರ ಪೋಣಿಸಿಕೊಟ್ಟವಳು ನಾನು. ಆ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಜೋಡಿಸಿ ಅವಳು ಕೌದಿ ಹೊಲಿಯುತ್ತಿದ್ದಳು. ಹೊಲಿಗೆ ಮುಗಿಯುತ್ತ ಬಂದಾಗ ನಟ್ಟನಡುವೆ ಅಂಗೈಯಷ್ಟು ಜಾಗ ಹೊಲಿಯದೆ ಬಿಡುವುದು ಪದ್ಧತಿ. ಅದು ಕೌದಿಯ ಹೊಟ್ಟೆ. ಓಣಿಯ ಹೆಂಗಸರನ್ನು ಕರೆದು, ಹೋಳಿಗೆಯ ಒಂದು ತುಣುಕನ್ನು ಒಳಗಿಟ್ಟು, ಎಲ್ಲರೆದುರು ಹೊಲಿದು ಮುಚ್ಚುತ್ತಿದ್ದಳು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವೆಂದು ಅವಳ ನಂಬಿಕೆ.

ಧಾರವಾಡದಲ್ಲಿ ಚಿತ್ರಕಲೆ ಓದಿ ಮುಗಿಸಿದ ವರ್ಷ, ಬೆಂಗಳೂರಿನ ಒಂದು ಆಧುನಿಕ ಕಲಾ ಮ್ಯೂಸಿಯಂನಲ್ಲಿ ನನಗೆ ಫೆಲೋಶಿಪ್ ಸಿಕ್ಕಿತು. ಓಣಿಗೆಲ್ಲ ಪೇಡೆ ಹಂಚಿದೆ. ಕಾಕು ಪೇಡೆಯನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು.

"ಇಷ್ಟ ಓದಿ ಫೇಲ್ ಆದೇನವಾ?"

ಫೇಲಾದವರಿಗೆ ಕೊಡುವುದೇ ಫೇಲೋಶಿಪ್ಪು ಎಂದು ಅವಳು ತಿಳಿದಿದ್ದಳು. ಹಾಗಲ್ಲ, ಚಿತ್ರ ನೋಡಿ ಅದರ ಬಗ್ಗೆ ಬರೆಯಲು ಅವರೇ ಖರ್ಚು ಹಾಕಿ ಒಂದು ವರ್ಷ ಇಟ್ಟುಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಿದ ಮೇಲಂತೂ ಅನುಮಾನ ದುಪ್ಪಟ್ಟಾಯಿತು. ಬರೀ ನೋಡುವುದಕ್ಕೆ ಯಾರಾದರೂ ಕೂಳು ಹಾಕುತ್ತಾರೆಯೇ, ಇದರ ಹಿಂದೆ ಬೇರೆ ಏನೋ ಇದೆ ಎಂದು ನಮ್ಮ ಅವ್ವನ ಕಿವಿಯಲ್ಲೂ ಊದಿದಳು.

ವರ್ಷದ ಕೊನೆಯಲ್ಲಿ ಪ್ರದರ್ಶನವಿತ್ತು. ಪ್ರತಿಯೊಬ್ಬ ಫೆಲೋ ತನ್ನ ಊರಿನ, ಕೈಯಲ್ಲಿ ಮಾಡಿದ ಒಂದು ವಸ್ತು ತರಬೇಕು. ನಾನು ಊರಿಗೆ ಬಂದು ಕಾಕುವಿನ ಕೌದಿ ಕೇಳಿದೆ. ಅವಳು ಕಂಡಿದ್ದ ಮ್ಯೂಸಿಯಂ ಕಿತ್ತೂರಿನದೊಂದೇ. ಅಲ್ಲಿ ಇಟ್ಟಿದ್ದೆಲ್ಲ ಸತ್ತವರ ಸಾಮಾನು. ತಾನಿನ್ನೂ ಬದುಕಿರುವಾಗ ಕೌದಿಯನ್ನು ಯಾಕೆ ಕೇಳುತ್ತಾರೆ ಎಂದು ಮುಖ ಊದಿಸಿಕೊಂಡಳು. ನಾನು ಹೊರಡುವ ಹೊತ್ತಿಗೆ ತಾನೇ ಮಡಚಿ ತಂದುಕೊಟ್ಟಳು. ಒಂದೇ ಮಾತು: ಹೊಲಿಗೆ ಬಿಚ್ಚಬಾರದು. ಅವಳ ಎದುರಿಗೇ ಮ್ಯೂಸಿಯಂನ ಉಗ್ರಾಣ ನೋಡಿಕೊಳ್ಳುವವರಿಗೆ ಫೋನು ಮಾಡಿದೆ. ಬಿಚ್ಚುವುದಿಲ್ಲ ಎಂದು ಅವರು ಸ್ಪೀಕರಿನಲ್ಲೇ ಒಪ್ಪಿಕೊಂಡರು. ಕಾಕು ಇನ್ನೊಮ್ಮೆ ಹೇಳಿಸಿದಳು.

ಪ್ರದರ್ಶನ ಮುಗಿದ ಮೇಲೆ ಕೌದಿಯನ್ನು ನಾನೇ ಊರಿಗೆ ತಂದೆ. ಬಿಳಿ ಕಾಗದದಲ್ಲಿ ಸುತ್ತಿತ್ತು, ಗಪ್ಪೆಂದು ಡಾಂಬರ ಗುಳಿಗೆಯ ವಾಸನೆ. ಕಾಕು ಕಟ್ಟೆಯ ಮೇಲೆ ಹಾಸಿ, ಅಂಚಿನಿಂದ ಸವರುತ್ತ ಬಂದಳು. ನಡುವೆ ಬಂದಾಗ ಅಂಗೈ ನಿಂತಿತು.

"ಹಸದ ಬಂದೈತಿ."

ನಾನು ಬಗ್ಗಿ ನೋಡಿದೆ. ಹೊಟ್ಟೆಯ ಸುತ್ತಲಿನ ಹೊಲಿಗೆ ಅವಳದಾಗಿರಲಿಲ್ಲ, ತೀರಾ ನೀಟಾಗಿತ್ತು. ಅಲ್ಲಿಂದಲೇ ಉಗ್ರಾಣದವರಿಗೆ ಫೋನು ಮಾಡಿದೆ. ತಿನ್ನುವ ಪದಾರ್ಥವಿದ್ದರೆ ಹುಳ ಬಿದ್ದು ಉಗ್ರಾಣದ ಬೇರೆ ವಸ್ತುಗಳೂ ಹಾಳಾಗುತ್ತವೆ, ಅದಕ್ಕೇ ತೆಗೆಸಿದೆವು, ನುರಿತವರಿಂದ ಮತ್ತೆ ಹೊಲಿಸಿದ್ದೇವಲ್ಲ ಎಂದರು ಅವರು. ಹೋಳಿಗೆಯ ತುಣುಕನ್ನು ಎಸೆದಿಲ್ಲ, ನಂಬರು ಹಾಕಿ ಜೋಪಾನವಾಗಿ ಇಟ್ಟಿದ್ದೇವೆ ಎಂದು ಸಂತೋಷದ ಸುದ್ದಿಯಂತೆ ಹೇಳಿದರು.

ಕಾಕು ಕೇಳಿಸಿಕೊಂಡಳು. "ತಿಂದಾರೇನ?" ಎಂದಳು. ಇಲ್ಲ, ಇಟ್ಟಿದ್ದಾರೆ ಎಂದೆ.

"ತಿನ್ನಲಿಲ್ಲ, ತಿರುಗಿ ಕೊಡಲಿಲ್ಲ. ಮತ್ತ ಯಾಕ ಬೇಕಾಗಿತ್ತ?"

ಅವಳು ಕೌದಿ ಮಡಚುತ್ತ, ನನ್ನತ್ತ ನೋಡದೆ, ಮೆಲ್ಲಗೆ ಕೇಳಿದಳು. "ನಿನಗ ಗೊತ್ತಿತ್ತೇನ?"

ಇಲ್ಲ ಕಾಕು, ನಿಮ್ಮಾಣೆಗೂ ಇಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅವಳು "ಹೂಂ" ಎಂದಳು. ಹಾಲಿನವನಿಗೆ ಅನ್ನುತ್ತಿದ್ದ ಅದೇ ಹೂಂ. ಬೇರೆ ಯಾರು ಏನಂದಿದ್ದರೂ ನನಗೆ ಅಷ್ಟು ಅಳು ಬರುತ್ತಿರಲಿಲ್ಲ.

ಮರುದಿನ ಹೋಳಿಗೆ ಮಾಡಿ, ಓಣಿಯ ಹೆಂಗಸರನ್ನು ಕರೆದು ಮತ್ತೆ ಕೌದಿಯ ಹೊಟ್ಟೆ ತುಂಬಿಸಿದಳು. ನನ್ನನ್ನು ಕರೆಯಲಿಲ್ಲ. ಮುಂದೆ ನಾನು ಹೋದಾಗಲೆಲ್ಲ ಚಹಾ ಕೊಡುತ್ತಿದ್ದಳು, ಅವ್ವನ ಮಂಡಿನೋವು ವಿಚಾರಿಸುತ್ತಿದ್ದಳು, ಸೂಜಿಗೆ ದಾರ ಮಾತ್ರ ತಾನೇ ಪೋಣಿಸಿಕೊಳ್ಳುತ್ತಿದ್ದಳು. ಕಣ್ಣು ಸರಿಯಾಗಿ ಕಾಣದಿದ್ದರೂ... ಆ ತುಣುಕನ್ನು ವಾಪಸು ತಂದುಕೊಟ್ಟರೆ ಸರಿಹೋದಾಳು ಎಂದು ನಾನು ಮ್ಯೂಸಿಯಂಗೆ ಎಷ್ಟೋ ಸಲ ಬರೆದೆ. ಸಂಗ್ರಹಕ್ಕೆ ಸೇರಿದ್ದನ್ನು ಹೊರಗೆ ಕೊಡುವ ನಿಯಮವಿಲ್ಲ ಎಂಬ ಉತ್ತರ ಬರುತ್ತಿತ್ತು.

ಹೋದ ವರ್ಷ ಕಾಕು ತೀರಿಕೊಂಡಳು. ಕೌದಿಯನ್ನು ಅವಳ ಮಗಳು ಸವದತ್ತಿಗೆ ಒಯ್ದಳು.

ಮೊನ್ನೆ ಬೆಂಗಳೂರಿಗೆ ಹೋದವಳು ಮನಸ್ಸು ತಡೆಯದೆ ಮ್ಯೂಸಿಯಂಗೆ ಹೋದೆ. ಹೊಸಬನೊಬ್ಬ ಕೈಗವಸು ಹಾಕಿಕೊಂಡು ಡ್ರಾಯರು ಎಳೆದ. ಪಾರದರ್ಶಕ ಚೀಲಗಳ ಸಾಲು. ಒಂದನ್ನು ಎತ್ತಿ, ಇದೇ ಮೇಡಂ ಎಂದ. ಒಳಗೆ ಕಂದುಬಣ್ಣದ, ಉಗುರಿನಷ್ಟು ಚೂರು. ಪಕ್ಕದ ಚೀಲದಲ್ಲೂ ಅಂಥದ್ದೇ ಏನೋ ಇತ್ತು. ನಾನು ನಂಬರು ನೋಡಿದೆ, ಅವನ ಮುಖ ನೋಡಿದೆ, ಮತ್ತೆ ನಂಬರು ನೋಡಿದೆ. ಇದು ಕಾಕುವಿನದೇ ಎಂದು ಏನು ಖಾತ್ರಿ? ಹೂಂ ಎಂದೆ. ಮುಟ್ಟಿ ಹೇಳಬಲ್ಲವಳು ಒಬ್ಬಳಿದ್ದಳು, ಅವಳು ಈಗ ಇಲ್ಲ.