ಜಾಡಿ ಚಿಕ್ಕಮ್ಮನ ಉಪ್ಪುನೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈಲರಮ್ಮನ ಹಿತ್ತಿಲ ಮೆಟ್ಟಿಲ ಮೇಲೆ ಗಾಜಿನ ಜಾಡಿಗಳು ಸಾಲಾಗಿ ಬೋರಲು ಕುಳಿತಿವೆ. ಕುದಿನೀರಲ್ಲಿ ಮಿಂದು ಬಂದದ್ದರಿಂದ ಅವುಗಳ ಮೈಯಿಂದ ಸಣ್ಣಗೆ ಹಬೆ ಏಳುತ್ತಿದೆ. ಮಗ್ಗುಲ ಬುಟ್ಟಿಯಲ್ಲಿ ಆಗಷ್ಟೇ ಬಳ್ಳಿಯಿಂದ ಬಿಡಿಸಿದ, ಇಬ್ಬನಿ ಆರದ ಎಳೆ ಸೌತೆ, ಮಣ್ಣಿನಿಂದ ಕಿತ್ತು ತೊಳೆದ ಬೆರಳುದ್ದದ ಕ್ಯಾರೆಟ್ಟು. ಅವುಗಳ ಮುಂದೆ ಗಿಡ್ಡ ಸ್ಟೂಲಿನ ಮೇಲೆ ಕುಳಿತ ಹೆಂಗಸು ಒಂದೊಂದೇ ಕಾಯಿಯನ್ನು ಎತ್ತಿ, ತಿರುಗಿಸಿ, ಉಗುರಿನ ತುದಿಯಿಂದ ತೊಟ್ಟು ಒತ್ತಿ ನೋಡುತ್ತಾಳೆ. ಮದುವೆಗೆ ಹೆಣ್ಣು ನೋಡಲು ಬಂದವರೂ ಅಷ್ಟು ನೋಡಲಾರರು.

"ಬಿಸಿಲೇರಿದ ಮೇಲೆ ಕಿತ್ತ ಕಾಯಿ ಆಗಲೇ ಬೇಸತ್ತಿರುತ್ತೆ," ಅನ್ನುತ್ತಾಳೆ. "ಬೇಸತ್ತವರನ್ನ ಜಾಡಿಗೆ ಹಾಕಿದ್ರೆ ಅಲ್ಲೂ ಮೆತ್ತಗೇ ಬಿದ್ದಿರ್ತಾರೆ."

ಇವಳೇ ಜಾಡಿ ಚಿಕ್ಕಮ್ಮ. ಒಂದೇ ಗೋಡೆಗೆ ಎರಡೆರಡು ಮನೆ ಒರಗಿಕೊಂಡ ಈ ಬೀದಿಯಲ್ಲಿ ಅವಳನ್ನು ಬೇರೆ ಹೆಸರಿಂದ ಕರೆಯುವವರಿಲ್ಲ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಿಗೂ ಅವಳು ಚಿಕ್ಕಮ್ಮನೇ.

ಒಲೆಯಿಂದ ಇಳಿಸಿ ಆರಿಸಿದ ನೀರಿಗೆ ಉಪ್ಪು ಬೀಳುತ್ತದೆ. ಚಿಕ್ಕಮ್ಮ ಕಲಕುತ್ತಾಳೆ. ಆಮೇಲೆ ಸೌಟನ್ನು ತನ್ನ ಬಾಯಿಗೆ ಒಯ್ಯದೆ ಟೈಲರಮ್ಮನ ಕೈಗೆ ಕೊಡುತ್ತಾಳೆ.

"ನೋಡು."

ಟೈಲರಮ್ಮ ಮುಖ ಹಿಂಡುತ್ತಾಳೆ. "ಉಪ್ಪುಪ್ಪಾಗಿದೆ."

"ಉಪ್ಪುನೀರು ಉಪ್ಪಾಗದೆ ಸಿಹಿ ಆಗುತ್ತೇನೆ? ನಾಲಿಗೆ ಒಳಕ್ಕೆ ಓಡ್ತೋ ಇಲ್ವೋ ಅದು ಹೇಳು."

"ಓಡಿಲ್ಲ. ಬಾಗಿಲ ತನಕ ಹೋಗಿ ನಿಂತ್ಕೊಂಡಿದೆ."

"ಹಾಗಾದ್ರೆ ಇನ್ನೊಂದು ಚೂರು ಬೇಕು." ಮತ್ತೆ ಉಪ್ಪು, ಮತ್ತೆ ಸೌಟು. ಈ ಸಲ ಟೈಲರಮ್ಮನ ಭುಜ ತಾನಾಗಿ ಕುಗ್ಗುತ್ತದೆ. ಚಿಕ್ಕಮ್ಮ ಅವಳ ಮುಖವನ್ನೇ ಓದುತ್ತಿದ್ದು, ಮಾತು ಬರುವ ಮೊದಲೇ ಉಪ್ಪಿನ ಡಬ್ಬಿ ಮುಚ್ಚುತ್ತಾಳೆ. ಜಾಡಿ ತುಂಬಿ, ಕಾಯಿ ಮೇಲೆ ತೇಲದಂತೆ ತೊಳೆದ ಕಲ್ಲೊಂದನ್ನು ಹೇರಿ, ಮುಚ್ಚಳ ತಿರುಗಿಸುವ ಮುನ್ನ ಒಂದು ಕ್ಷಣ ಕಣ್ಣು ಮುಚ್ಚುತ್ತಾಳೆ. ಇನ್ನು ಮುಂದಿನದು ದೇವರ ಕೆಲಸ.

ಕಾಯಿ ಬೆಳೆಯುವವರನ್ನು ಎಲ್ಲರೂ ಹೊಗಳುತ್ತಾರೆ, ಅಡುಗೆ ಮಾಡಿದವರನ್ನೂ ಹೊಗಳುತ್ತಾರೆ. ನಡುವೆ ಇಟ್ಟು ಕಾದವರ ನೆನಪು ಯಾರಿಗೂ ಇರುವುದಿಲ್ಲ. ಈ ಬೀದಿಯ ಹಿತ್ತಿಲುಗಳು ಅಂಗೈಯಷ್ಟಗಲ. ಆದರೆ ಫಲ ಬಂದರೆ ಎಲ್ಲ ಮನೆಯಲ್ಲೂ ಒಟ್ಟಿಗೇ ಬರುತ್ತದೆ. ಪಕ್ಕದ ಮನೆಗೆ ಕೊಡೋಣವೆಂದರೆ ಅವರೇ ಬುಟ್ಟಿ ಹಿಡಿದು ಎದುರಾಗುತ್ತಾರೆ. "ದೇವರು ಕೊಡುವಾಗ ಕೈ ಬಿಗಿಹಿಡಿಯಲ್ಲ," ಎನ್ನುತ್ತಾಳೆ ಚಿಕ್ಕಮ್ಮ. "ಎತ್ತಿಡೋ ಕೆಲಸ ಮಾತ್ರ ನಮಗೆ ಬಿಟ್ಟಿದ್ದಾನೆ. ಅದನ್ನೂ ನೆಟ್ಟಗೆ ಮಾಡಲಿಲ್ಲ ಅಂದ್ರೆ ಹೇಗೆ?"

ಆ ಕೆಲಸ ಅವಳಿಗೆ ಅತ್ತೆಯಿಂದ ಬಂದದ್ದು. ಹೊಸ ಸೊಸೆಗೆ ಅತ್ತೆ ಒಂದು ಇಡೀ ಹಂಗಾಮು ಉಪ್ಪು ಮುಟ್ಟಲು ಬಿಡಲಿಲ್ಲವಂತೆ. ಬರೀ ರುಚಿ ನೋಡು ಅಂದರು. ಮಳೆ ಬಂದ ಮರುದಿನದ ಕಾಯಿ ನೀರು ಕುಡಿದಿರುತ್ತದೆ, ಅದಕ್ಕೆ ಉಪ್ಪು ಹೆಚ್ಚು. ಒಣ ದಿನದ ಕಾಯಿಗೆ ಕಡಿಮೆ. ಒಂದು ಮನೆಯ ಉಪ್ಪಿನಂತೆ ಇನ್ನೊಂದು ಮನೆಯದಿಲ್ಲ. ಅಳತೆ ಲೋಟ ಇಟ್ಟುಕೊಂಡರೆ ಅದು ಸುಳ್ಳು ಹೇಳುತ್ತದೆ, ನಾಲಿಗೆ ಹೇಳುವುದಿಲ್ಲ ಎಂಬುದು ಅತ್ತೆಯ ನಂಬಿಕೆ. ಆಮೇಲೆ, ಮೂಟೆ ಹೊರುತ್ತಿದ್ದ ಗಂಡನ ಬೆನ್ನು ಹೋಗಿ ಆತ ಹಾಸಿಗೆ ಹಿಡಿದಾಗ, ಮನೆಯನ್ನು ನಿಲ್ಲಿಸಿದ್ದು ಇದೇ ನಾಲಿಗೆ. ಉಪ್ಪುನೀರು ಅವಳ ಬೆರಳ ಸಂದುಗಳನ್ನು ಸೀಳಿದೆ. ಹಂಗಾಮಿನಲ್ಲಿ ದಿನಕ್ಕೆ ಎರಡು ಮನೆ, ಕೆಲವು ದಿನ ಮೂರು. ಅಂಥ ದಿನಗಳಲ್ಲಿ ಅವಳ ತಲೆ ಬಾಚಲೂ ಸೊಸೆಯೇ ಬೇಕು.

ಆದರೆ ಇವತ್ತು ಸೌಟು ಅವಳ ಬಾಯಿಗೆ ಹೋಗಲಿಲ್ಲ. ಅದರ ಕಥೆ ಇದೆ.

ಹೋದ ವರ್ಷ ಹಂಗಾಮು ಶುರುವಾಗುವ ಮುಂಚೆ ಅವಳಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ರುಚಿ, ವಾಸನೆ ಎರಡನ್ನೂ ಕೈಹಿಡಿದು ಕರೆದುಕೊಂಡು ಹೋಯಿತು. ನಾಕು ದಿನದಲ್ಲಿ ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಮೊದಲು ಗುಮಾನಿ ಬಂದದ್ದು ಸೊಸೆಗೆ.

"ನಾನು ಒಂದಿನ ಚಹಾಕ್ಕೆ ಸಕ್ಕರೆ ಹಾಕೋದೇ ಮರೆತಿದ್ದೆ," ಸೊಸೆ ಹೇಳುತ್ತಾಳೆ. "ಇವರು ಏನೂ ಅನ್ನದೆ ಕುಡಿದು ಲೋಟ ತೊಳೆದಿಟ್ರು. ನನ್ನ ಅತ್ತೆ! ತಪ್ಪು ಹುಡುಕದೆ! ಆವಾಗಲೇ ನಂಗೆ ಭಯ ಆಯ್ತು."

"ನೀನು ಚಹಾ ಮಾಡಿದ್ದೇ ಅಪರೂಪ, ಅದಕ್ಕೇ ಸುಮ್ಮನಿದ್ದೆ," ಎಂದು ಚಿಕ್ಕಮ್ಮ ಆವತ್ತು ಜಾರಿಕೊಂಡಳಂತೆ. ಈಗ ಆ ಮಾತಿಗೆ ಇಬ್ಬರೂ ನಗುತ್ತಾರೆ. ಮೊದಲು ನಿಲ್ಲುವುದು ಚಿಕ್ಕಮ್ಮನ ನಗು.

ಬೀದಿಯ ತುದಿಯಲ್ಲಿ ಗಡಿಯಾರ ರಿಪೇರಿ ಮಾಡುವವರ ಮನೆ. ಗಡಿಯಾರದಣ್ಣ ಎಂದರೆ ಎಲ್ಲರಿಗೂ ಗೊತ್ತು. ಹೇಳಿದ ದಿನಕ್ಕೆ ಕೆಲಸ ಮುಗಿಸಿಕೊಟ್ಟವರಲ್ಲ. ಊರಿನ ಹೊತ್ತನ್ನೆಲ್ಲ ಸರಿಮಾಡುವ ಮನುಷ್ಯನಿಗೆ ನಾಳೆ ಎಂಬುದು ಬಿಟ್ಟು ಬೇರೆ ಹೊತ್ತೇ ಗೊತ್ತಿರಲಿಲ್ಲ. ಅವರ ಹಿತ್ತಿಲಲ್ಲಿ ಒಂದು ಹುರುಳಿಕಾಯಿ ಚಪ್ಪರ. ತೆಳು ಹಸಿರು ಕಾಯಿಯ ಮೇಲೆ ನೇರಳೆ ಗೆರೆ, ಯಾರೋ ಶಾಯಿ ಪೆನ್ನು ಒರೆಸಿದ ಹಾಗೆ. ಆ ಜಾತಿ ಬೀದಿಯಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಬೀಜ ಕೇಳಿದರೆ ಅದಕ್ಕೂ "ನಾಳೆ ಬನ್ನಿ". ಪ್ರತಿವರ್ಷ ಮೂಲೆಯ ಬಳ್ಳಿಗೆ ಕೆಂಪು ಬಟ್ಟೆಯ ತುಂಡು ಕಟ್ಟುತ್ತಿದ್ದರು. ಅದನ್ನು ಯಾರೂ ಮುಟ್ಟುವಂತಿಲ್ಲ. ಅದು ಬಲಿತು ಒಣಗಿ ಬೀಜವಾಗಬೇಕು. ಉಳಿದದ್ದೆಲ್ಲ ಜಾಡಿಗೆ. ಆ ಜಾಡಿಗಳನ್ನು ಹಾಕುತ್ತಿದ್ದವಳು ಚಿಕ್ಕಮ್ಮ.

ಹೋದ ವರ್ಷ ಚಪ್ಪರದಲ್ಲಿ ಕಾಯಿ ಇಳಿಬಿದ್ದಿದ್ದಾಗಲೇ ಅವರು ತೀರಿಕೊಂಡರು. ಅಂಗಡಿಯ ಕುರ್ಚಿಯಲ್ಲೇ, ಕಣ್ಣಿಗೆ ಭೂತಗನ್ನಡಿ ಇದ್ದ ಹಾಗೇ.

ಕೆಲವು ದಿನ ಕಳೆದು ಅವರ ಹೆಂಡತಿ, ಬೀದಿಯವರ ಬಾಯಲ್ಲಿ ಗಡಿಯಾರದಕ್ಕ, ತಾವೇ ನಡೆದು ಬಂದು ಚಿಕ್ಕಮ್ಮನ ಬಾಗಿಲಲ್ಲಿ ನಿಂತರು. "ಅವರ ಕೈಯಿಂದ ಬೆಳೆದದ್ದು ಇನ್ನು ಇಷ್ಟೇ. ವರ್ಷ ಪೂರ್ತಿ ಒಂದೊಂದು ತುತ್ತು ತಿಂತೀನಿ. ಹಾಕಿಕೊಡ್ತೀಯಾ?"

ಚಿಕ್ಕಮ್ಮ ಆಗಲ್ಲ ಅನ್ನಬಹುದಿತ್ತು. ಆವತ್ತು ಅವಳ ನಾಲಿಗೆಯಲ್ಲಿ ಕಲ್ಲಿಗಿರುವಷ್ಟೂ ರುಚಿಯಿರಲಿಲ್ಲ. "ಅಂಥ ಹೊತ್ತಲ್ಲಿ ಬಂದು ಕೇಳಿದ್ರೆ ಬಾಯಿ ಹೇಗೆ ಬರುತ್ತೆ ಹೇಳಿ, ಆಗಲ್ಲ ಅನ್ನೋಕೆ?" ಎಂದು ನನ್ನನ್ನೇ ಕೇಳುತ್ತಾಳೆ. ಆಮೇಲೆ ತಾನೇ ತಿದ್ದಿಕೊಳ್ಳುತ್ತಾಳೆ. "ಅದು ನೆಪ. ನಂಗೆ ಜಂಬ ಇತ್ತು. ನಾಲಿಗೆ ಹೋದ್ರೇನು, ಕೈಗೆ ನೆನಪಿದೆ ಅಂದ್ಕೊಂಡೆ."

ಮರುದಿನ ಬೆಳಗ್ಗೆ ಇಬ್ಬರೂ ಚಪ್ಪರದ ಕೆಳಗೆ ನಿಂತು ಕಾಯಿ ಬಿಡಿಸಿದರು. ಕೆಂಪು ಬಟ್ಟೆಯ ಬಳ್ಳಿ ಬಂದಾಗ ಅಕ್ಕ ಕೈ ತಡೆದರು. "ಇದು ಬೀಜಕ್ಕಲ್ವಾ?"

"ಬೀಜ ಅಂಗಡೀಲಿ ಸಿಗುತ್ತೆ ಅಕ್ಕ. ಅಣ್ಣ ಬೆಳೆದ ಕಾಯಿ ಸಿಗುತ್ತಾ? ಬಿಟ್ರೆ ಬಲಿತು ನಾರಾಗುತ್ತೆ. ಎಳಸಾಗಿರುವಾಗಲೇ ಎಲ್ಲಾ ಕಿತ್ತುಬಿಡೋಣ. ಒಂದು ಜಾಡಿ ಹೆಚ್ಚಾಗಲಿ."

ಅಕ್ಕ ಕಿತ್ತರು. ಜಾಡಿಗೆ ಎಳೆಕಾಯಿಯೇ ಚೆಂದ, ಒಂದು ದಿನ ತಡವಾದರೂ ಕೆಟ್ಟಿತು ಎಂದು ಜೀವಮಾನವಿಡೀ ಹೇಳಿಕೊಂಡು ಬಂದವಳ ಕಣ್ಣಿಗೆ ಬಲಿಯಬೇಕಾದ ಕಾಯಿ ಕಾಣುವುದೇ ಇಲ್ಲ. ಅವಳಲ್ಲದೆ ಬೇರೆ ಯಾರೇ ಪಕ್ಕದಲ್ಲಿದ್ದರೂ ಆ ಬಳ್ಳಿ ಉಳಿಯುತ್ತಿತ್ತೇನೋ.

ಕಾಯಿಯನ್ನು ಕುದಿನೀರಲ್ಲಿ ಬಾಡಿಸಿ ತೆಗೆದದ್ದಾಯಿತು. ಉಪ್ಪಿನ ಪೊಟ್ಟಣ ಬಿಚ್ಚಿದಳು. ಪ್ರತಿವರ್ಷ ಉಪ್ಪು ತರುತ್ತಿದ್ದವರು ಗಡಿಯಾರದಣ್ಣ. ಸಣ್ಣಗೆ ಹಿಟ್ಟಿನಂತಿರುವ ಉಪ್ಪು. ಆ ಸಲ ಅಕ್ಕನೇ ಅಂಗಡಿಗೆ ಹೋಗಿದ್ದರು. ಅಂಗಡಿಯವನು ಕೊಟ್ಟದ್ದು ಹರಳುಪ್ಪು. ಸಣ್ಣ ಉಪ್ಪು ಹಿಡಿಯೊಳಗೆ ಒತ್ತೊತ್ತಾಗಿ ಕೂರುತ್ತದೆ. ಹರಳು ತನ್ನ ಸಂದಿನಲ್ಲಿ ಗಾಳಿಯನ್ನೂ ಕೂರಿಸಿಕೊಳ್ಳುತ್ತದೆ. ಹಿಡಿ ಅದೇ, ಉಪ್ಪು ಕಡಿಮೆ.

"ಕಣ್ಣಿಗೆ ಕಾಣ್ತಿತ್ತು. ಇನ್ನೊಂದು ಹಿಡಿ ಹಾಕೋಣ ಅನ್ನಿಸ್ತು. ಹಾಕಿ ಜಾಸ್ತಿಯಾದ್ರೆ ತಿಳಿಯೋದು ಹೇಗೆ? ಅಕ್ಕನ ಕೈಗೆ ಸೌಟು ಕೊಟ್ಟಿದ್ರೆ ಮುಗೀತಿತ್ತು. ಕೊಟ್ರೆ ನನ್ನ ಗುಟ್ಟು ರಟ್ಟಾಗುತ್ತೆ. ಅದಕ್ಕೇ ನಾನೇ ಬಾಯಿಗೆ ಹಾಕ್ಕೊಂಡೆ. ನಾಲಿಗೆ ಚಪ್ಪರಿಸಿದೆ. ತಲೆ ಆಡಿಸಿದೆ. ಸರಿಯಾಗಿದೆ ಅಂದೆ," ಎನ್ನುತ್ತಾಳೆ ಚಿಕ್ಕಮ್ಮ. "ನಾಟಕದವರೂ ಅಷ್ಟು ಚೆನ್ನಾಗಿ ಮಾಡಲ್ಲ."

ಉಪ್ಪು ಸಾಲದ ನೀರಿನಲ್ಲಿ ಕಾಯಿ ಹುಳಿಯುವ ಮೊದಲೇ ಕೊಳೆಯುತ್ತದೆ. ಅಕ್ಕ ಮೊದಲ ಜಾಡಿ ತೆರೆದಾಗ ನೀರು ಲೋಳೆಯಾಗಿ ಎಳೆ ಬಿಡುತ್ತಿತ್ತು. ಎರಡನೆಯದೂ ಹಾಗೇ. ಚಿಕ್ಕಮ್ಮನಿಗೆ ಹೇಳಿಕಳುಹಿಸಿದರು. ಅವಳು ಹೋಗಿ ಒಂದೊಂದೇ ಮುಚ್ಚಳ ತಿರುಗಿಸಿದಳು. ಒಂದೂ ಉಳಿದಿರಲಿಲ್ಲ. ಹಿತ್ತಿಲ ಮೂಲೆಯಲ್ಲಿ ಗುಂಡಿ ತೋಡಿ ಇಬ್ಬರೂ ಸೇರಿ ಎಲ್ಲವನ್ನೂ ಸುರಿದರು. ನಾಲಿಗೆ ಹೋದ ವಿಷಯ ಚಿಕ್ಕಮ್ಮ ಆಗಲೇ ಹೇಳಿದ್ದು, ಮಣ್ಣು ಎಳೆಯುತ್ತಾ.

"ಬೈದಿದ್ರೆ ಚೆನ್ನಾಗಿತ್ತು. ಕೂದಲು ಹಿಡಿದು ಜಗ್ಗಿದ್ರೂ ಸರಿ. ಹೋಗಲಿ ಬಿಡು ಅಂದ್ರು. ಅಷ್ಟೇ. ಕೈ ತೊಳ್ಕೊಂಡು ಒಳಗೆ ಹೋದ್ರು."

ಆಮೇಲೆ ಅವಳು ಮನೆಮನೆಗೂ ಹೋಗಿ ಸತ್ಯ ಹೇಳಿದಳು. ನನ್ನ ನಾಲಿಗೆ ಸತ್ತಿದೆ, ಬೇಕಾದರೆ ಕರೆಯಿರಿ, ರುಚಿ ಮಾತ್ರ ನೀವೇ ನೋಡಬೇಕು ಎಂದಳು. ಕೆಲವರು ಬಿಟ್ಟರು. ಹೆಚ್ಚಿನವರು ಕರೆಯುತ್ತಾರೆ. ಮನೆಯವರ ನಾಲಿಗೆ ಮುಟ್ಟದೆ ಈಗ ಯಾವ ಜಾಡಿಗೂ ಮುಚ್ಚಳ ಬೀಳುವುದಿಲ್ಲ. ಈ ವರ್ಷ ಒಂದು ಜಾಡಿಯೂ ಕೆಟ್ಟಿಲ್ಲ. ಗಡಿಯಾರದಕ್ಕನ ಮನೆಯಿಂದ ಕರೆ ಬಂದಿಲ್ಲ. ಕರೆಯಲು ಅಲ್ಲಿ ಕಾಯಿಯೂ ಇಲ್ಲ. ಬೀಜದಂಗಡಿಗಳನ್ನೆಲ್ಲ ಚಿಕ್ಕಮ್ಮ ತಿರುಗಿದ್ದಾಳೆ. ನೇರಳೆ ಗೆರೆಯ ಹುರುಳಿಕಾಯಿ ಎಂದರೆ ಅಂಗಡಿಯವರು ಅವಳ ಮುಖ ನೋಡುತ್ತಾರೆ.

ಹಾಗೆಂದು ಎಲ್ಲವೂ ಮಣ್ಣಾಗಿಲ್ಲ. ಚಿಕ್ಕಮ್ಮನ ಕೂಲಿಯ ಒಂದು ಪಾಲು ಯಾವತ್ತೂ ಜಾಡಿಯ ರೂಪದಲ್ಲೇ ಬರುತ್ತಿತ್ತು. ಅಣ್ಣ ಬದುಕಿದ್ದಾಗ, ಅವಳ ನಾಲಿಗೆ ನೆಟ್ಟಗಿದ್ದಾಗ ಹಾಕಿದ ಆ ಹುರುಳಿಕಾಯಿಯ ಒಂದು ಜಾಡಿ ಅವಳ ಅಡುಗೆಮನೆಯ ತಣ್ಣನೆಯ ಮೂಲೆಯಲ್ಲಿದೆ. ರುಚಿ ತಿಳಿಯದ ಬಾಯಿಗೆ ಒಳ್ಳೆಯದನ್ನು ಯಾಕೆ ಹಾಳುಮಾಡುವುದೆಂದು ತೆರೆದಿರಲಿಲ್ಲ. ಕೊಟ್ಟುಬರಬೇಕೆಂದು ಎಷ್ಟೋ ಸಲ ಎತ್ತಿಕೊಂಡು, ಹೊಸ್ತಿಲವರೆಗೆ ಹೋಗಿ, ಮತ್ತೆ ಒರೆಸಿ ಇಟ್ಟಿದ್ದಾಳೆ.

"ಅತ್ತೇ, ಒರೆಸಿ ಒರೆಸಿ ಆ ಗಾಜು ಸವೆದುಹೋಗುತ್ತೆ," ಎಂದು ಸೊಸೆ ಇವತ್ತು ಮಧ್ಯಾಹ್ನ ರೇಗುತ್ತಾಳೆ. "ಕೊಡ್ತೀರೋ, ಇಲ್ಲ ನಾನು ಮುಚ್ಚಳ ತೆಗೆದು ತಿಂದುಬಿಡ್ಲೋ?"

"ಬೇಡ ಅಂದ್ರೆ?"

"ಬೇಡ ಅಂದ್ರೆ ವಾಪಸ್ ತನ್ನಿ. ಕಾಲಿದೆಯಲ್ಲ."

ಚಿಕ್ಕಮ್ಮ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಡುತ್ತಾಳೆ. ಗಡಿಯಾರದಕ್ಕ ಹಿತ್ತಿಲ ಬಾಗಿಲಲ್ಲಿ ಕುಳಿತು ಬಟ್ಟೆ ಮಡಿಸುತ್ತಿದ್ದಾರೆ. ಖಾಲಿ ಚಪ್ಪರದ ಹಗ್ಗಗಳ ಮೇಲೆ ಟವೆಲ್ಲು ಒಣಗುತ್ತಿದೆ. ಚಿಕ್ಕಮ್ಮ ಜಾಡಿಯನ್ನು ಅವರ ಪಕ್ಕದಲ್ಲಿಡುತ್ತಾಳೆ. ನೇರಳೆ ಗೆರೆ ಉಪ್ಪುನೀರಲ್ಲಿ ಮಾಸಿದೆ. ಆದರೂ ಅಕ್ಕ ಗುರುತು ಹಿಡಿಯುತ್ತಾರೆ. ಮಡಿಸುತ್ತಿದ್ದ ಬಟ್ಟೆ ಮಡಿಲಲ್ಲೇ ಉಳಿಯುತ್ತದೆ.

"ಯಾವ ವರ್ಷದ್ದು?"

"ಅಣ್ಣ ಇದ್ದಾಗಿನದು."

ಮುಚ್ಚಳ ಬಿಗಿಯಾಗಿದೆ. ಒಬ್ಬರು ಜಾಡಿ ಹಿಡಿದು, ಇನ್ನೊಬ್ಬರು ಬಟ್ಟೆ ಸುತ್ತಿ ತಿರುಗಿಸಬೇಕಾಗುತ್ತದೆ. ಹುಳಿಯ ಒಳ್ಳೆಯ ವಾಸನೆ ಏಳುತ್ತದೆ; ಚಿಕ್ಕಮ್ಮನಿಗೆ ಅದೂ ತಿಳಿಯದು, ಅಕ್ಕನ ಮೂಗನ್ನು ನೋಡಿ ತಿಳಿಯುತ್ತಾಳೆ. ಅಕ್ಕ ಒಂದು ಕಾಯಿ ತೆಗೆದು ಕಚ್ಚುತ್ತಾರೆ. ಕಟಕ್ ಎಂಬ ಸದ್ದು ಚಪ್ಪರದವರೆಗೂ ಕೇಳುತ್ತದೆ. ನಿಧಾನವಾಗಿ ಜಗಿಯುತ್ತಾರೆ. ಚಿಕ್ಕಮ್ಮ ಮೆಟ್ಟಿಲ ಕೆಳಗೆ ನಿಂತೇ ಇದ್ದಾಳೆ.

"ಹೇಗಿದೆ ಅಕ್ಕ?"

"ಉಪ್ಪು ಒಂದು ಚಿಟಿಕೆ ಜಾಸ್ತಿ," ಎನ್ನುತ್ತಾರೆ ಗಡಿಯಾರದಕ್ಕ. ಬಾಯಿ ನಗುತ್ತಿದೆ, ಕಣ್ಣು ತುಂಬಿದೆ. "ಪ್ರತಿವರ್ಷ ಹೇಳೋರು ಅವರು. ಚಿಕ್ಕಮ್ಮನ ಕೈ ಒಂದು ಚಿಟಿಕೆ ಜಾಸ್ತಿ ಕಣೇ ಅಂತ. ಹೇಳ್ಬಾರದಾ ಅಂದ್ರೆ, ಪಾಪ ಬೇಜಾರಾಗ್ತಾಳೆ, ನಾಳೆ ಹೇಳೋಣ ಅನ್ನೋರು."

ಚಿಕ್ಕಮ್ಮ ಮೆಟ್ಟಿಲ ಮೇಲೆ ಕುಳಿತುಕೊಳ್ಳುತ್ತಾಳೆ. ಅಕ್ಕ ಜಾಡಿಯನ್ನು ಅವಳತ್ತ ಸರಿಸುತ್ತಾರೆ. ಅವಳೂ ಒಂದು ಕಾಯಿ ತೆಗೆದು ಬಾಯಿಗಿಟ್ಟುಕೊಳ್ಳುತ್ತಾಳೆ. ಬಹಳ ಹೊತ್ತು ಜಗಿಯುತ್ತಾಳೆ.

ಹೊರಡುವಾಗ, ಇನ್ನೇನು ಆಸೆಯಿದೆ ಎಂದು ನಾನು ಕೇಳಿದ್ದಕ್ಕೆ ಚಿಕ್ಕಮ್ಮ ರುಚಿ ವಾಪಸ್ ಬರಲಿ ಅನ್ನಲಿಲ್ಲ.

"ಅಣ್ಣ ಅದನ್ನ ನನ್ನ ಮುಖಕ್ಕೇ ಹೇಳ್ಬೇಕಿತ್ತು," ಅಂದಳು. "ನಾಲಿಗೆ ನೆಟ್ಟಗಿದ್ದಾಗ ಒಂದೇ ಒಂದು ಸಲ, ಒಂದು ಚಿಟಿಕೆ ಕಡಿಮೆ ಹಾಕಿ, ಅವರ ಮುಂದೆ ಇಡ್ತಿದ್ದೆ."